ರಾಜೀವಿಯ ಬಲೆ ಪ್ಯಾಂಟು

ಉಪ್ಪುಂದದ ರಾಜೀವಿ ಹೊಲಿದ ರವಿಕೆ ಒಳಗೂ ಹೊರಗೂ ಒಂದೇ ಚಂದ. ಹಾಗೆಂದು ಊರವರು ಹೇಳುವ ಮೊದಲೇ ಅವಳು ಹೇಳಿ ಮುಗಿಸುತ್ತಿದ್ದಳು. ಗಂಡ ಚಂದಯ್ಯನಿಗೆ ಮರ ಕಡಿಯುವ ಕೆಲಸ. ಕೊಡಲಿ ಬಿಟ್ಟು ಯಂತ್ರದ ಗರಗಸ ಹಿಡಿದ ಮೇಲೂ ಮಹಾರಾಯನ ಉಡುಪು ಮಾತ್ರ ಅದೇ, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಲುಂಗಿ.

೨೦೦೬ರ ಬೇಸಿಗೆಯಲ್ಲಿ ಗರಗಸ ಜಾರಿ ಲುಂಗಿ ಹರಿಯಿತು, ತೊಡೆಯೂ ಗೀರಿತು. ಚಂದಯ್ಯ ಲುಂಗಿಗಾಗಿ ಮರುಗಿದ. ರಾಜೀವಿಗೆ ಎರಡು ದಿನ ಅನ್ನ ಸೇರಲಿಲ್ಲ.

ಹಿಂದೆ ತ್ರಾಸಿಯಲ್ಲಿ ಮರ ಕಡಿಯುವಾಗ ತೆಂಗಿನ ಬುಡಕ್ಕೆ ಸುತ್ತಿದ್ದ ಹಳೆ ಮೀನುಬಲೆಯ ನೂಲು ಗರಗಸದ ಚೈನಿಗೆ ಸುತ್ತಿಕೊಂಡು ಯಂತ್ರ ಗಕ್ಕನೆ ನಿಂತಿತ್ತೆಂದು ಅವನೇ ಒಮ್ಮೆ ಬೈದುಕೊಂಡಿದ್ದ. ಅದು ನೆನಪಾಗಿ ಅವಳು ತವರಿನಿಂದ ಹಳೆ ಬಲೆ ತಂದಳು. ದಪ್ಪ ಬಟ್ಟೆಯ ಪ್ಯಾಂಟಿನೊಳಗೆ ಏಳು ಪದರ ಇಟ್ಟು, ಬೆರಳಗಲಕ್ಕೊಂದರಂತೆ ನೇರ ಹೊಲಿಗೆ ಹಾಕಿದಳು. ನೋಡಲು ಕಣ್ಣು ಸಾಲದು. ಬಾಳೆದಿಂಡಿಗೆ ತೊಡಿಸಿ ಗರಗಸ ತಾಗಿಸಿ ನೋಡಿದರೆ ಪ್ಯಾಂಟೂ ದಿಂಡೂ ಒಟ್ಟಿಗೇ ಎರಡು ತುಂಡು.

ಬಲೆ ಹೆಣೆಯುವ ಅವಳ ಚಿಕ್ಕಪ್ಪ ಕುಷ್ಟ ತುಂಡನ್ನು ತಿರುಗಿಸಿ ನೋಡಿದ. "ಹೆಣ್ಣೇ, ಬಲಿ ಸಡ್ಲ ಇರ್ಕ್. ಇಷ್ಟ್ ಬಿಗ್ದ್ ಹೊಲ್ದ್ರೆ ಚೈನಿಗೆ ಸುತ್ಕಂಬುಕೆ ನೂಲ್ ಎಲ್ಲಿತ್ತ್?"

ಚಂದದ ಹೊಲಿಗೆಯೇ ಕೈಕೊಟ್ಟಿತ್ತು. ಮತ್ತೊಂದು ಪ್ಯಾಂಟಿನಲ್ಲಿ ಬಲೆಯನ್ನು ಸೊಂಟದ ಬಳಿ ಮಾತ್ರ ಹಿಡಿಸಿ ಉಳಿದದ್ದನ್ನು ಜೋಲು ಬಿಟ್ಟಳು. ಅಷ್ಟು ಕೆಟ್ಟದಾಗಿ ಹೊಲಿಯುವುದು ಅವಳಿಗೆ ಸುಲಭವಾಗಲಿಲ್ಲ. ಈ ಸಲ ಬಾಳೆದಿಂಡು ಉಳಿಯಿತು, ಗರಗಸ ನಿಂತಿತು.

"ಈ ಸೆಕಿಗೆ ಇದನ್ ಹಾಯ್ಕಂಡ್ರೆ ಮರ ಬೀಳುಕ್ ಮುಂಚಿ ನಾನೇ ಬೀಳ್ತೆ," ಎಂದ ಚಂದಯ್ಯ.

"ಬೀಳಿ. ಎರಡ್ ಕಾಲ್ ಇದ್ರೆ ಎದ್ದ್ ಬಪ್ಪುಕಾತ್ತ್," ಎಂದು ರಾಜೀವಿ ಗರಗಸವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಮೂರನೇ ದಿನ ಅವನು ಪ್ಯಾಂಟು ತೊಟ್ಟ. ಕೆಲಸದ ಕಡೆ ಎಲ್ಲರೂ ನಕ್ಕರಂತೆ.

ತಿಂಗಳೊಂದು ಕಳೆದು, ಒಂದು ಸಂಜೆ ವಂಡ್ಸೆಯಲ್ಲಿ ಕೆಲಸ ಮುಗಿಸಿ ಬಂದ ಚಂದಯ್ಯನ ಎಡತೊಡೆಯ ಮೇಲೆ ಬಟ್ಟೆ ಸೀಳಿ ಬಲೆಯ ನೂಲು ನೇತಾಡುತ್ತಿತ್ತು. "ಹಲ್ಸಿನ್ ಮರದ್ ಗೆಲ್ಲ್ ತಿರ್ಗಿ ಹೊಡ್ದ್ ಗರ್ಗಸ ತೊಡಿಗೇ ಬಂತ್. ಚೈನಿಂದ ಬಲಿ ಬಿಡ್ಸುಕೆ ಒಂದ್ ಗಂಟಿ ಬೇಕಾಯ್ತ್," ಎಂದು ಅಂಗಳದಲ್ಲೇ ದೂರಿದ.

ರಾಜೀವಿ ಸೀಳಿನೊಳಗೆ ಕೈ ಹಾಕಿ ತೊಡೆಯನ್ನು ಆಚೆಯಿಂದೀಚೆ ತಡವಿದಳು. ಆಮೇಲೆ ಉಗುರು ಊರಿ ಚಿವುಟಿದಳು.

"ಎಂತ ಮಾಡ್ತೆ ಮಾರಾಯ್ತಿ, ನೋಯ್ತಿತ್ತ್."

ಅದನ್ನು ಕೇಳಿದ ಮೇಲೆಯೇ ಅವಳು ಅಂಗಳದಲ್ಲಿ ಕುಸಿದು ಕುಳಿತು ಅತ್ತಳು.