ತರಕಾರಿ ಹೆಚ್ಚುವಾಗ ಆದ ತೀರ್ಮಾನ

ಇಪ್ಪತ್ತೆರಡು ವರ್ಷ ನಾನು ಒಂದನೇ ಕ್ಲಾಸಿಗೆ ಕಲಿಸಿದೆ. ಹೆಡ್‌ಮಿಸ್ಟ್ರೆಸ್ ಆದ ಮೇಲೂ ಆ ಕ್ಲಾಸನ್ನು ಬಿಟ್ಟುಕೊಡಲಿಲ್ಲ. ನಮ್ಮದು ಕಾರಡ್ಕದ ಕಡೆಯ, ನಾಲ್ಕನೇ ಕ್ಲಾಸಿನವರೆಗಿನ ಕನ್ನಡ ಶಾಲೆ; ಅಲ್ಲಿ ಹೆಡ್‌ಮಿಸ್ಟ್ರೆಸ್ ಎಂದರೆ ಬೆಲ್ ಹೊಡೆಯುವುದರಿಂದ ಹಿಡಿದು ಅಕ್ಕಿಯ ಚೀಲ ಎಣಿಸುವವರೆಗೆ ಎಲ್ಲ ಮಾಡುವ ಟೀಚರ್, ಅಷ್ಟೆ. ಅಕ್ಷರ ತಿದ್ದಿಸುವುದು ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲವೆಂದು ನಂಬಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಊರವರು ಆಡಿಕೊಳ್ಳುವುದೂ ಗೊತ್ತಿತ್ತು. ಅದನ್ನು ಹೊಗಳಿಕೆ ಎಂದೇ ಎಣಿಸಿದ್ದೆ.

ಒಂದನೇ ಕ್ಲಾಸಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದು ಒಂದು ಜೂನ್‌ನಲ್ಲಿ ನಾಲ್ವರೇ ಉಳಿದರು. ಹೀಗೇ ಹೋದರೆ ನನ್ನ ಕ್ಲಾಸು ಮುಚ್ಚುವುದು ಖಂಡಿತ. ಕಾರಣ ಏನೆಂದು ನನಗೆ ಯಾವ ಅನುಮಾನವೂ ಇರಲಿಲ್ಲ: ಇಂಗ್ಲಿಷ್ ಶಾಲೆಯ ಹಳದಿ ಬಸ್ಸು. ಅದು ಗೇಟಿನ ಮುಂದೆ ಹಾದುಹೋಗುವಾಗ ನಾನು ಬೆನ್ನು ಹಾಕಿ ನಿಲ್ಲುತ್ತಿದ್ದೆ. ಬಸ್ಸಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಆ ವರ್ಷ ನಮಗೆಲ್ಲ ಎರಡು ದಿನದ ತರಬೇತಿ ಆಯಿತು. ಶಾಲೆಯನ್ನು ಸುಧಾರಿಸುವುದು ಟೀಚರುಗಳ ಕೆಲಸ ಮಾತ್ರ ಅಲ್ಲ, ಊರವರೇ ಕುಳಿತು ತೀರ್ಮಾನ ಮಾಡಬೇಕು ಎಂದು ಹೇಳಿಕೊಟ್ಟರು. ಚಾರ್ಟು, ಸ್ಕೆಚ್ ಪೆನ್ನು, ಮಧ್ಯಾಹ್ನ ಬಿರಿಯಾನಿ. ನನಗೆ ಬಹಳ ಇಷ್ಟವಾಯಿತು. ವಾಪಸು ಬಂದವಳೇ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ: ಎಲ್ಲರೂ ಕೈ ಎತ್ತಿದರೆ ಮಾತ್ರ ತೀರ್ಮಾನ, ಹೆಡ್‌ಮಿಸ್ಟ್ರೆಸ್ಸಿನದ್ದೂ ಒಂದೇ ಕೈ.

ಮಕ್ಕಳ ಹತ್ತಿರ ನೋಟೀಸು ಕಳುಹಿಸಿದೆ. ಸಭೆಗೆ ಮೂವರು ಬಂದರು. ಒಬ್ಬರು ಹೆತ್ತವರ ಸಂಘದ, ಅಂದರೆ ಪಿ.ಟಿ.ಎ.ಯ ಅಧ್ಯಕ್ಷರು, ಮೆತ್ತಗೆ ಮಾತಾಡುವ ಕೊಂಕಣಿ ಕೃಷಿಕರು. ಇನ್ನೊಬ್ಬಳು ಮಕ್ಕಳ ಮಧ್ಯಾಹ್ನದ ಊಟ ಬೇಯಿಸುವ ನಮ್ಮ ಅಡುಗೆಯ ಅಕ್ಕ. ಮೂರನೆಯವರಿಗೆ ಯಾವುದೋ ಅರ್ಜಿಗೆ ನನ್ನ ಸಹಿ ಬೇಕಿತ್ತು.

"ಕಾಗದ ಕಳ್ಸಿದ್ರೆ ಕರೆದ ಹಾಗೆ ಆಗ್ತದಾ ಟೀಚರ್? ಮನೆಗೆ ಹೋಗಿ ಹೇಳಿಕೆ ಮಾಡ್ಬೇಕು," ಎಂದಳು ಅಡುಗೆಯ ಅಕ್ಕ. ಮದುವೆಗಾದರೂ ನಮ್ಮಲ್ಲಿ ಹಾಗೆಯೇ. ಕಾಗದ ಎಷ್ಟು ಚಂದದ್ದಿದ್ದರೂ ಜಗಲಿಯಲ್ಲಿ ಕುಳಿತು ಬಾಯಲ್ಲಿ ಹೇಳದೆ ಯಾರೂ ಬರುವುದಿಲ್ಲ. ಸರಿ, ಮೂರು ಸಂಜೆ ಅಧ್ಯಕ್ಷರ ಜೀಪಿನಲ್ಲಿ ಮನೆಮನೆ ಸುತ್ತಿದೆವು. ಪ್ರತಿ ಮನೆಯಲ್ಲೂ ಬೆಲ್ಲ ನೀರು ಕುಡಿದು, ಸಮಾಚಾರ ಮಾತಾಡಿ, ಏಳುವಾಗ ಸಭೆಯ ವಿಷಯ ಹೇಳಿ ಬಂದೆವು.

ಈ ಸಲ ಎಲ್ಲರೂ ಬಂದರು. ಹೆಂಗಸರು ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಒಬ್ಬರು ಉಡುಗೊರೆಯ ಕವರ್ ಕೂಡ ತಂದಿದ್ದರು. ಯಾರ ಕೈಯಲ್ಲಿ ಕೊಡುವುದೆಂದು ತಿಳಿಯದೆ ವಾಪಸು ಕೊಂಡುಹೋದರು. ಮಕ್ಕಳು ಇಲ್ಲೇ ಕಲಿಯಬೇಕೋ ಎಂದು ಕೇಳಿದೆ. ಕಲಿಯಲಿ ಎಂದರು. ಬರುವ ಜೂನ್‌ನಲ್ಲಿ ಕಳುಹಿಸುತ್ತೀರೋ ಎಂದೆ. ಕಳುಹಿಸುವ ಎಂದರು. ಎಲ್ಲದಕ್ಕೂ ಎಲ್ಲರ ಕೈಯೂ ಮೇಲೆ. ನಾಲ್ಕು ಪುಟ ನಡಾವಳಿ ಬರೆದು, ಪಾಯಸ ಬಡಿಸಿ, ಊರು ತಿದ್ದಿದವಳ ಹಾಗೆ ಮನೆಗೆ ಹೋದೆ. ಮರುವಾರ ತಿಳಿಯಿತು, ಅವರಲ್ಲಿ ಐದು ಮನೆಯವರು ಹಳದಿ ಬಸ್ಸಿನಲ್ಲಿ ಆಗಲೇ ಸೀಟು ಹೇಳಿಟ್ಟಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಯ ಅಕ್ಕ ತೆಂಗಿನಕಾಯಿ ತುರಿಯುತ್ತಾ ಎಲ್ಲ ಕೇಳಿಸಿಕೊಂಡಳು. ನೆಂಟರಾಗಿ ಕರೆದರೆ ನೆಂಟರ ಹಾಗೆಯೇ ಇರುತ್ತಾರೆ, ಉಂಡ ಮನೆಯಲ್ಲಿ ಯಾರೂ ತಪ್ಪು ಹೇಳುವುದಿಲ್ಲ ಎಂದಳು. "ಮುನ್ನಾದಿನ ತರಕಾರಿ ಹೆಚ್ಚಲಿಕ್ಕೆ ಕರೀರಿ. ಆಗ ನೋಡಿ."

ಮಾತು ಸರಿ. ಮದುವೆಯ ಮುನ್ನಾದಿನ ನೆರೆಕರೆಯವರು ತಮ್ಮ ತಮ್ಮ ಕತ್ತಿ ಹಿಡಿದುಕೊಂಡು ಬಂದು ತರಕಾರಿ ಹೆಚ್ಚುವುದು ನಮ್ಮ ಕ್ರಮ. ಮದುಮಗನ ಹಲ್ಲಿನಿಂದ ಹಿಡಿದು ಬೀಗರ ಬುದ್ಧಿಯವರೆಗೆ ಅಲ್ಲಿ ವಿಚಾರಣೆಗೆ ಬರದ ವಿಷಯವಿಲ್ಲ. ಕೈಯಲ್ಲಿ ಕೆಲಸ ಇದ್ದವರು ಮುಖ ನೋಡಿ ಮಾತಾಡಬೇಕಾಗಿಲ್ಲವಲ್ಲ.

ಶಾಲೆಯ ವಾರ್ಷಿಕೋತ್ಸವದ ಮುನ್ನಾದಿನ ಮಧ್ಯಾಹ್ನ ಎಲ್ಲರೂ ಕತ್ತಿ ಹಿಡಿದು ಬಂದರು, ಹಳೆಯ ಸೀರೆ, ಪಂಚೆಯಲ್ಲಿ. ನಾನೂ ಒಂದು ಕುಂಬಳಕಾಯಿ ಎಳೆದುಕೊಂಡು ಕುಳಿತೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿಂದ ಬಾಗಿಲು ಹಿಡಿದಿರಬೇಕು ಎಂದು ಒಬ್ಬ ತಾಯಿ ಹೇಳಿದಳು. ಎದುರು ಸೌತೆ ಹೆಚ್ಚುತ್ತಿದ್ದವನು ಎದ್ದು ಹೋಗಿ, ಮನೆಯಿಂದ ಚಿಲಕ ತಂದು, ಹಾಕಿ, ಮತ್ತೆ ಸೌತೆಗೆ ಕುಳಿತ. ನನ್ನ ನಾಲ್ಕು ಪುಟದಲ್ಲಿ ಚಿಲಕದ ಸುದ್ದಿಯೇ ಇರಲಿಲ್ಲ.

ಧೈರ್ಯ ಬಂದು ಹಳದಿ ಬಸ್ಸಿನ ಮಾತೆತ್ತಿದೆ. ದೊಡ್ಡ ಮೊಮ್ಮಗಳನ್ನು ನನ್ನ ಕ್ಲಾಸಿಗೆ ಕಳುಹಿಸಿದ್ದ ಒಬ್ಬರು ಅಜ್ಜಿ, ಹೆಚ್ಚುತ್ತಿದ್ದ ಅಲಸಂಡೆಯಿಂದ ತಲೆ ಎತ್ತದೆ ಹೇಳಿದರು:

"ಬಸ್ಸಿನದ್ದು ಎಂತದೂ ಇಲ್ಲ ಟೀಚರ್. ಮಕ್ಕಳಿಗೆ ನಿಮ್ಮ ಹೆದರಿಕೆ. ನಮ್ಮ ದೊಡ್ಡವಳು ಒಂದನೇ ಕ್ಲಾಸು ಮುಗಿಯುವವರೆಗೆ ದಿನಾ ಹಾಸಿಗೆ ಒದ್ದೆ ಮಾಡಿದ್ದಾಳೆ. ಚಿಕ್ಕವಳಿಗೂ ಹಾಗೆ ಆಗುವುದು ಬೇಡ ಅಂತ."

ನಾನು ಯಾರಿಗೂ ಹೊಡೆಯುವುದಿಲ್ಲ ಎಂದೆ. ಸತ್ಯವೇ. ಬೆತ್ತ ಬಿಟ್ಟು ವರ್ಷಗಳಾಗಿದ್ದವು. ಹೊಡೆಯುವುದಿಲ್ಲ, ಆದರೆ ಬಾಯಿ ಜೋರು ಎಂದು ಯಾರೋ ಹೇಳಿದರು. 'ತಲೆಯಲ್ಲಿ ಎಂತ ಉಂಟು, ಸೆಗಣಿಯಾ?' ಎಂದು ನಾನು ಕೇಳುವುದನ್ನು ಒಬ್ಬ ತಾಯಿ ನನ್ನದೇ ಸ್ವರದಲ್ಲಿ ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಚೆನ್ನಾಗಿಯೇ ಮಾಡಿದ್ದಳು, ಇಪ್ಪತ್ತು ವರ್ಷದ ಹಿಂದೆ ಅವಳೂ ನನ್ನ ಒಂದನೇ ಕ್ಲಾಸಿನಲ್ಲಿ ಇದ್ದವಳು.

ನಕ್ಕು ಮುಗಿದ ಮೇಲೆ ಅಧ್ಯಕ್ಷರು ಮೆತ್ತಗೆ ಕೆಮ್ಮಿದರು. ಒಂದನೇ ಕ್ಲಾಸನ್ನು ಹೊಸದಾಗಿ ಬಂದ ಸಣ್ಣ ಟೀಚರಿಗೆ ಕೊಟ್ಟರೆ ಹೇಗೆ, ಎಲ್ಲರಿಗೂ ಒಪ್ಪಿಗೆಯೋ ಎಂದರು. ಕತ್ತಿಗಳು ಕೆಳಗಿಳಿದು ಒದ್ದೆ ಕೈಗಳು ಮೇಲೆದ್ದವು. ಅಡುಗೆಯ ಅಕ್ಕನ ಕೈಯೂ ಇತ್ತು. ಅದು ನನ್ನನ್ನು ಹೆಚ್ಚು ನೋಯಿಸಿತು. ಉಳಿದದ್ದು ನನ್ನ ಕೈ ಒಂದೇ. ನಾನು ಎತ್ತದಿದ್ದರೆ ತೀರ್ಮಾನವಿಲ್ಲ, ಕ್ಲಾಸು ನನ್ನದೇ. ಗೋಡೆಯ ನಿಯಮ ಹಾಗೆ ಹೇಳುತ್ತಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಅಜ್ಜಿ ಮಾತ್ರ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು, ಸಿಟ್ಟಿಲ್ಲದೆ. ಒದ್ದೆ ಹಾಸಿಗೆ ನೆನಪಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಕೈ ಎತ್ತಿದೆ.

ಸರ್ವಾನುಮತ ಎಂದು ನಡಾವಳಿಯಲ್ಲಿ ನಾನೇ ಬರೆದೆ. ಆಮೇಲೆ ಅಕ್ಕಿಯ ಕೋಣೆಗೆ ಹೋಗಿ ಚೀಲಗಳ ಹಿಂದೆ ನಿಂತು ಅತ್ತೆ. ಅಡುಗೆಯ ಅಕ್ಕ ಉಪ್ಪು ತೆಗೆದುಕೊಳ್ಳಲು ಬಂದು, ನೋಡಿ, ಉಪ್ಪು ತೆಗೆದುಕೊಂಡು ಹೋದಳು.

ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹದಿಮೂರು ಮಕ್ಕಳು ಬಂದರು. ಸಂತೋಷವಾಯಿತು ಎಂದರೆ ಅರ್ಧ ಸುಳ್ಳು. ಅಜ್ಜಿ ತಮ್ಮ ಚಿಕ್ಕ ಮೊಮ್ಮಗಳನ್ನು ಕರೆತಂದಿದ್ದರು. ಅವರು ನಳ್ಳಿಯ ನೀರಿನಲ್ಲಿ ಕಾಲು ತೊಳೆಯುತ್ತಿದ್ದಾಗ ಹುಡುಗಿ ಜಗಲಿಯ ಕಂಬಕ್ಕೆ ಅಂಟಿ ನಿಂತು ನನ್ನನ್ನು ಕೇಳಿದಳು:

"ಇಲ್ಲಿ ಒಂದು ಜೋರು ಟೀಚರ್ ಉಂಟಂತೆ. ನನ್ನ ಅಕ್ಕ ಹೇಳಿದ್ದಾಳೆ. ಇದ್ದಾರಾ?"

"ಇಲ್ಲ," ಎಂದೆ.

"ಮತ್ತೆ ನೀವು ಯಾರು?"

"ನಾನು ಬೆಲ್ ಹೊಡೆಯುವವಳು."

ಅವಳು ಸ್ವಲ್ಪ ಯೋಚಿಸಿ ಕಂಬ ಬಿಟ್ಟಳು. ಕ್ಲಾಸು ಎಲ್ಲಿ ಎಂದು ಕೇಳುತ್ತಾ ನನ್ನ ಕೈ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದನೇ ಕ್ಲಾಸಿನ ಮಗುವೊಂದು ತಾನಾಗಿ ನನ್ನ ಕೈ ಹಿಡಿದದ್ದು ಅದೇ ಮೊದಲು.