ಬಾಯಿಪಾಠ ಮಾಡಿಸಿದ ತಪ್ಪು

ವಿಜ್ಞಾನ, ಗಣಿತ ಕಲಿಸುವ ಮೇಷ್ಟ್ರುಗಳಿಗೆ ತರಬೇತಿ ಕೊಡುವುದು ನನ್ನಕ್ಕನ ಕೆಲಸ. ಅವಳದು ಒಂದೇ ಹಟ: ಉತ್ತರವನ್ನು ಮೇಷ್ಟ್ರು ಹೇಳಕೂಡದು. ಮಕ್ಕಳು ಮೊದಲು ಊಹಿಸಬೇಕು, ಆಮೇಲೆ ಮಾಡಿ ನೋಡಬೇಕು, ಕಂಡದ್ದನ್ನು ಹೇಳಬೇಕು. ಊಹೆ ತಪ್ಪಾದರೆ ಇನ್ನೂ ಒಳ್ಳೆಯದು ಅನ್ನುತ್ತಾಳೆ. ಅವಳ ಅಡುಗೆಮನೆಯ ತುಂಬ ಇಂಥ ಪ್ರಯೋಗಗಳೇ. ‘ನಮ್ಮನೇಲಿ ನೀರು ಕುಡಿಯೋ ಮುಂಚೆ, ಇದು ಕುಡಿಯೋದಾ ಪ್ರಯೋಗದ್ದಾ ಅಂತ ಕೇಳ್ಬೇಕು ಕಣಮ್ಮ’ ಎಂದು ಭಾವ ಗೊಣಗುತ್ತಾರೆ.

ನಾನೂ ಗಣಿತದ ಟೀಚರು, ಅವಳ ತರಬೇತಿಯಲ್ಲಿ ಕೂತವಳು. ಹಿಂದಿನ ಬೆಂಚಿನಲ್ಲಿ ಮೊಬೈಲ್ ಉಜ್ಜುತ್ತಾ, ‘ಸಿಲಬಸ್ ಯಾರು ಮುಗಿಸ್ತಾರೆ, ಇವರಪ್ಪನಾ?’ ಎಂದು ಕಿಸಕ್ಕನೆ ನಗುವವರನ್ನು ಕಂಡು ಹಲ್ಲು ಕಡಿದಿದ್ದೇನೆ. ಇವರಪ್ಪ ನನಗೂ ಅಪ್ಪನೇ ಎನ್ನುವುದು ಆ ಮಹಾನುಭಾವರಿಗೆ ಗೊತ್ತಿರಲಿಲ್ಲ.

ಕಳೆದ ತಿಂಗಳು ಮೇಲಧಿಕಾರಿ ಬರುತ್ತಾರೆಂದು ಸುದ್ದಿ ಬಂತು. ಒಂದು ಮಾದರಿ ತರಗತಿ ನೋಡಿ ಮೆಚ್ಚಿದರೆ ತರಬೇತಿ ಎಲ್ಲ ಶಾಲೆಗಳಿಗೂ ಹೋಗುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಬಂದ್. ಅಕ್ಕನ ಇಷ್ಟು ವರ್ಷದ ಒದ್ದಾಟವೆಲ್ಲ ಆ ಒಂದು ಪೀರಿಯಡ್ಡಿನ ಮೇಲೆ ನಿಂತಿತ್ತು. ಪಾಠ ಮಾಡುವವನು ಅವಳ ಕೈಯಲ್ಲೇ ಪಳಗಿದ ಕನ್ನಡಕದ ಮೇಷ್ಟ್ರು. ಅವನೆಂದರೆ ಅಕ್ಕನಿಗೆ ಒಡಹುಟ್ಟಿದ ತಮ್ಮನಷ್ಟು ಅಕ್ಕರೆ.

ಆ ದಿನ ಅವನ ಶಾಲೆಯಲ್ಲಿ, ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಉಪ್ಪುನೀರು. ಎರಡಕ್ಕೂ ಒಂದೊಂದು ಐಸ್ ತುಂಡು. ಯಾವುದು ಬೇಗ ಕರಗುತ್ತದೆ? ಉಪ್ಪುನೀರಿನದು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಬೇಗ ಕರಗುವುದು ಸಾದಾ ನೀರಿನದು.

ಮಕ್ಕಳು ಪಟಪಟನೆ ಕೈ ಎತ್ತಿದರು. ಕೆಲವರು ‘ಉಪ್ಪುನೀರಿಂದು’ ಅಂದರು, ಕೆಲವರು ಪ್ರಶ್ನೆ ಕೇಳಿದರು. ಅಧಿಕಾರಿ ತಲೆದೂಗಿದರು, ಹೆಡ್‌ಮಾಸ್ಟರ ಮುಖ ಊರಗಲವಾಯಿತು. ಸ್ವಲ್ಪ ಹೊತ್ತು ಬಿಟ್ಟು ಮೇಷ್ಟ್ರು, ‘ಯಾವ್ದು ಮೊದ್ಲು ಕರಗ್ತು?’ ಎಂದ.

‘ಸಾದಾ ನೀರಿಂದು ಸಾರ್!’ ಇಡೀ ಕ್ಲಾಸು ಕೂಗಿತು. ಚಪ್ಪಾಳೆಯೋ ಚಪ್ಪಾಳೆ.

ಲೋಟದ ಕಡೆ ನೋಡಿದವಳು ಅಕ್ಕ ಒಬ್ಬಳೇ. ಎರಡರಲ್ಲೂ ಐಸು ಒಂದೇ ಸಮ ತೇಲುತ್ತಿತ್ತು! ಗಾಬರಿಯಲ್ಲಿ ಆ ಪುಣ್ಯಾತ್ಮ ಎರಡಕ್ಕೂ ಉಪ್ಪು ಸುರಿದಿದ್ದ. ಅಕ್ಕ ಎದ್ದು ಹೋಗಿ ‘ಏನಿದು?’ ಎಂದು ಪಿಸುಗುಟ್ಟಿದಳು. ಪಾಠ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅವನ ಉತ್ತರ ಸ್ಪಷ್ಟವಾಗಿ ಕೇಳಿಸಿತು.

‘ನಿಮ್ ಮರ್ಯಾದೆ ಪ್ರಶ್ನೆ ಅಂತ ಎಲ್ಲಾ ಪ್ರಾಕ್ಟೀಸ್ ಮಾಡ್ಸಿದ್ವಿ ಮೇಡಂ. ಯಾರು ಏನ್ ಕೇಳ್ಬೇಕು, ಯಾರು ತಪ್ಪು ಊಹೆ ಹೇಳ್ಬೇಕು, ಎಲ್ಲಾ.’

ಅಯ್ಯೋ, ತಪ್ಪನ್ನೂ ಬಾಯಿಪಾಠ ಮಾಡಿಸಿದ್ದಾರಲ್ಲ! ನನ್ನ ಮೈಯೆಲ್ಲ ಉರಿದುಹೋಯಿತು. ಅಧಿಕಾರಿ ಒಪ್ಪಿಗೆಯ ಸಹಿಗೆ ಆಗಲೇ ಪೆನ್ನು ತೆಗೆದಿದ್ದರು. ಸುಮ್ಮನಿದ್ದಿದ್ದರೆ ಅಕ್ಕ ಗೆದ್ದಂತೆಯೇ. ಅವಳು ಸುಮ್ಮನಿರಲಿಲ್ಲ.

‘ಕೂಗ್ಬೇಡಿ ಮಕ್ಳೇ. ಹತ್ರ ಬನ್ನಿ, ನೋಡಿ ಹೇಳಿ’ ಎಂದಳು.

ಯಾರೂ ಅಲ್ಲಾಡಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಬಂದು, ಬಗ್ಗಿ ಲೋಟಗಳನ್ನು ನೋಡಿದಳು. ಆಮೇಲೆ ಮೇಷ್ಟ್ರ ಮುಖ ನೋಡಿದಳು.

‘ಮಿಸ್, ನೋಡಿದ್ದು ಹೇಳ್ಬೇಕಾ, ಹೇಳ್ಕೊಟ್ಟಿದ್ದು ಹೇಳ್ಬೇಕಾ?’

‘ನೋಡಿದ್ದು.’

‘ಎರಡೂ ಕರಗಿಲ್ಲ ಮಿಸ್.’

ಅಧಿಕಾರಿ ಪೆನ್ನಿಗೆ ಕ್ಯಾಪ್ ಹಾಕಿದರು. ‘ಪ್ರಯೋಗಾನೇ ಸರಿ ಬರ್ಲಿಲ್ವಲ್ರೀ. ಈ ತಲೆನೋವಿಗಿಂತ ಬೋರ್ಡ್ ಮೇಲೆ ಬರೆಸೋದೇ ವಾಸಿ. ಇಲ್ಲಿಗೇ ಸಾಕು’ ಎಂದು ಎದ್ದೇಬಿಟ್ಟರು. ಥೂ! ಇಡೀ ಕ್ಲಾಸು ಇಲ್ಲದ್ದನ್ನು ಕೂಗಿದಾಗ ಈ ಮನುಷ್ಯನಿಗೆ ಏನೂ ಅನ್ನಿಸಲಿಲ್ಲ. ಒಬ್ಬಳು ಇದ್ದದ್ದನ್ನು ಹೇಳಿದಾಗ ತಲೆನೋವು ಬಂತು.

ಹೆಡ್‌ಮಾಸ್ಟರು ಹುಡುಗಿಯ ಮೇಲೆ ಎಗರಿಬಿದ್ದರು. ‘ನಿನಗ್ಯಾರೇ ನೋಡು ಅಂದಿದ್ದು? ನಡಿ, ಹೊರಗೆ ನಿಂತ್ಕೋ!’

‘ನಾನಂದಿದ್ದು!’ ಅಕ್ಕನ ದನಿಗೆ ಕಾರಿಡಾರಿನವರೂ ಬೆಚ್ಚಿ ನಿಂತರು. ‘ಇಷ್ಟು ಜನದಲ್ಲಿ ಕಣ್ಣು ಬಿಟ್ಟಿದ್ದು ಈ ಮಗು ಒಂದೇ. ಇವಳು ಹೊರಗೆ ನಿಲ್ಲೋದಾದ್ರೆ ನಿಮ್ಮನ್ನೆಲ್ಲ ಎಲ್ಲಿ ನಿಲ್ಲಿಸ್ಲಿ ಸ್ವಾಮೀ?’

ಅಧಿಕಾರಿಯ ಕಾರು ಹೊರಟುಹೋಯಿತು. ತರಬೇತಿಯೂ ಹೋಯಿತು. ಕೋಣೆ ಖಾಲಿಯಾದ ಮೇಲೆ ಕನ್ನಡಕದ ಮೇಷ್ಟ್ರು ಹತ್ತಿರ ಬಂದ. ‘ಒಂದ್ ನಿಮಿಷ ಸುಮ್ನಿದ್ದಿದ್ರೆ ಆಗ್ತಿತ್ತು. ನಿಮಗೋಸ್ಕರ ತಾನೇ ಮಾಡಿದ್ದು.’

ಅಕ್ಕನ ಕಣ್ಣಲ್ಲಿ ನೀರು ಬಂದದ್ದು ಆಗ. ‘ಇಷ್ಟು ವರ್ಷ ನಿನಗೆ ನಾನು ಕಲಿಸಿದ್ದು ಇದೇನಾ?’

ಅವನು ತಲೆ ತಗ್ಗಿಸಿ, ತರಬೇತಿಯಲ್ಲಿ ಅನ್ನುತ್ತಿದ್ದ ಹಾಗೆಯೇ, ‘ಹೌದು ಮೇಡಂ’ ಎಂದ.