ತಂಗಿಯ ಬಲಗೈ ಮತ್ತು ಆರು ರವಿವಾರ

ನನ್ನ ತಂಗಿಯ ಬಲಗೈ ಯಾಕೆ ಏಳದೇ ಹೋಯಿತೆಂಬುದಕ್ಕೆ ನಮ್ಮ ಬಂಧುಗಳಲ್ಲಿ ಮೂರು ಕಥೆಗಳಿವೆ. ಬೀರಪ್ಪನಿಗೆ ಹೊತ್ತ ಹರಕೆಯನ್ನು ಅರ್ಧಕ್ಕೇ ಬಿಟ್ಟದ್ದರಿಂದ ಎಂದು ನಮ್ಮ ತಾಯಿ ಸಾಯುವವರೆಗೂ ಹೇಳಿದಳು. ಕೆಲಸ ತಪ್ಪಿಸಿಕೊಳ್ಳಲು ಸೋಗು ಹಾಕಿದಳೆಂದು ಇಳಕಲ್ಲಿನ ಬೀಗರು ಹೇಳುತ್ತಾರೆ. ಬರೀ ಮಾತಾಡಿಸಿ ರೋಗ ಕಳೆಯುತ್ತೇನೆಂದ ಬಾಗಲಕೋಟೆಯ ಮಾಸ್ತರರೊಬ್ಬರು ಅವಳ ತಲೆ ಕೆಡಿಸಿದರೆಂಬುದು ಉಳಿದವರ ಮಾತು. ಮೂರನ್ನೂ ನಾನು ನಂಬುವುದಿಲ್ಲ. ಆ ವರ್ಷ ಅವಳನ್ನು ಎಲ್ಲ ಕಡೆಗೂ ಕರೆದೊಯ್ದವನು ನಾನೇ.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ಹುನಗುಂದದ ಕೋರ್ಟಿನೆದುರು ಕುಳಿತು ಅರ್ಜಿ ಬರೆಯುತ್ತಿದ್ದೆ. ನನ್ನ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತ್ತು. ಉಳಿದದ್ದನ್ನು ವಾಚನಾಲಯದ ಬೆಂಚಿನ ಮೇಲೆ ನಾನೇ ಕಲಿತುಕೊಂಡೆ. ಜನ ತಡವರಿಸುತ್ತ, ಅಳುತ್ತ, ಹಿಂದುಮುಂದಾಗಿ ಹೇಳಿದ್ದನ್ನು ಕ್ರಮಕ್ಕೆ ತಂದು, ಸಾಹೇಬರು ಒಂದೇ ಓದಿಗೆ ತಿಳಿಯುವಂತೆ ಬರೆಯುವುದು ನನ್ನ ಹೊಟ್ಟೆಪಾಡೂ ಆಗಿತ್ತು, ಹೆಮ್ಮೆಯೂ ಆಗಿತ್ತು.

ತಂಗಿಯನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದೆವು. ತಂದೆ ತೀರಿಕೊಂಡಿದ್ದರಿಂದ, ಕೊಟ್ಟವನು ನಾನು ಎನ್ನಬೇಕು. ಮಗ್ಗದ ಮೇಲೆ ಸೀರೆಯ ಒಡಲಿನ ಉದ್ದೆಳೆಗಳಿಗೆ ಸೆರಗಿನ ಉದ್ದೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಆ ಮನೆಯಲ್ಲಿ ಅವಳ ಕೆಲಸ. ಅವಳ ಎಂಟು ತಿಂಗಳ ಕೂಸು ಜ್ವರದಲ್ಲಿ ತೀರಿತು. ತಿಂಗಳೊಳಗೆ ಅವಳ ಬಲಗೈ ಮೊಣಕೈಯಿಂದ ಕೆಳಗೆ ಜೋತುಬಿತ್ತು. ಅತ್ತೆ ತಾನೇ ಕರೆತಂದು ನಮ್ಮ ಪಡಸಾಲೆಯಲ್ಲಿ ಕೂಡಿಸಿದಳು.

“ಯುಗಾದಿ ತನಕ ನೋಡ್ತೇವ್ರಿ. ಕೈ ಬಂದ್ರ ಕಳಸ್ರಿ. ಬರ್ಲಿಲ್ಲಂದ್ರ ನಮ್ಮ ಹುಡುಗಗ ಬ್ಯಾರೆ ಹೆಣ್ಣ ನೋಡೂದ ಅಕ್ಕೈತಿ.”

ನಮ್ಮ ಕೈಯಲ್ಲಿದ್ದದ್ದು ಐದು ತಿಂಗಳು.

ಬಾದಾಮಿಯ ಹತ್ತಿರ ಎಲುಬು ಕಟ್ಟುವ ಮುದುಕನೊಬ್ಬನಿದ್ದ. ಎಣ್ಣೆ ಹಚ್ಚಿ ತೋಳನ್ನೆಲ್ಲ ಒತ್ತಿ ನೋಡಿ ನಕ್ಕುಬಿಟ್ಟ: “ಮುರದಿದ್ರ ಕಟ್ತಿದ್ನಿ. ಮುರೀಲಾರದ್ದನ್ನ ಏನಂತ ಕಟ್ಲಿ?” ಗುಡೂರಿನ ದಾರಿಯಲ್ಲಿದ್ದ ಬೀರಪ್ಪನ ಗುಡಿಯ ಪೂಜಾರಿ ಭಂಡಾರದ ಅರಿಷಿಣ ಹಚ್ಚಿ ಐದು ಸೋಮವಾರ ಬರಹೇಳಿದ, ಎರಡಕ್ಕೇ ನಾನು ನಿಲ್ಲಿಸಿದೆ. ಬಾಗಲಕೋಟೆಯ ದವಾಖಾನೆಯಲ್ಲಿ ಕೈಗೆ ಕರೆಂಟು ಹಿಡಿದರು. ಬೆರಳು ಕುಣಿದವು, ತಂತಿ ತೆಗೆದೊಡನೆ ಮಲಗಿದವು. ನರ ಸರಿಯಾಗಿವೆ ಎಂದು ಬರೆದುಕೊಟ್ಟರು.

ಈ ಎಲ್ಲ ಕಡೆಗೂ ನಾನೊಂದು ಕಾಗದ ಒಯ್ಯುತ್ತಿದ್ದೆ. ಕೈ ಬಿದ್ದ ದಿನ, ಅದಕ್ಕೆ ಮುಂಚಿನ ಘಟನೆಗಳು, ಈವರೆಗಿನ ಉಪಚಾರ ಎಲ್ಲವೂ ಅದರಲ್ಲಿ ಅನುಕ್ರಮವಾಗಿದ್ದವು. ದವಾಖಾನೆಯ ಡಾಕ್ಟರು ಓದಿ ಮೆಚ್ಚಿದ್ದರು. ನಮ್ಮ ಕಡೆ ಹೆಣ್ಣುಮಗಳ ಬೇನೆಯನ್ನು ಅವಳನ್ನು ಕರೆತಂದ ಗಂಡಸೇ ಹೇಳುವುದು ರೂಢಿ. ಅವಳು ನೆಲ ನೋಡುತ್ತ ಕುಳಿತಿರುತ್ತಾಳೆ. ಪೂಜಾರಿಯಾಗಲಿ ಡಾಕ್ಟರಾಗಲಿ ಅವಳನ್ನು ಒಂದು ಮಾತೂ ಕೇಳಲಿಲ್ಲ. ಕೇಳಲಿಲ್ಲವೆಂದು ನನಗೆ ಆಗ ಅನಿಸಲೂ ಇಲ್ಲ.

ಕೇಳಿದವರು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಮಾಸ್ತರರು ಮಾತ್ರ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ರವಿವಾರ ಮುಂಜಾನೆ ತಮ್ಮ ಮನೆಯಲ್ಲಿ ಇಂಥವರನ್ನು ಮಾತಾಡಿಸುತ್ತಾರೆಂದು ವಕೀಲರೊಬ್ಬರು ಹೇಳಿದ್ದರು. ಅವರು ನನ್ನ ಕಾಗದ ಓದಿ, ಮಡಚಿ ವಾಪಸು ಕೊಟ್ಟರು.

“ಚಂದ ಬರದೀರಿ. ಆದ್ರ ಇದರಾಗ ಆಕಿ ಎಲ್ಲಿ ಅದಾಳ್ರಿ?”

“ಆಕಿಗಿ ಹೇಳಾಕ ಬರಂಗಿಲ್ರಿ, ಸರ್. ಅದಕ್ಕ ನಾ ಬರಕೊಂಡ ಬಂದೇನಿ.”

“ಬರಂಗಿಲ್ಲೋ, ಯಾರೂ ಕೇಳಿಲ್ಲೋ? ನೀವು ಹೊರಗ ಬೇವಿನ ಗಿಡದ ಕೆಳಗ ಕುಂದರ್ರಿ. ಗಾಳಿ ಚಲೋ ಐತಿ.”

ನನಗೆ ಅವಮಾನವಾಯಿತು. ಆದರೂ ಕುಳಿತೆ. ಒಳಗೆ ಮಾಸ್ತರರ ಹೆಂಡತಿ ಅಕ್ಕಿ ಆರಿಸುತ್ತ ಕೂಡುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಎರಡು ರವಿವಾರ ಏನೂ ಕೇಳಿಸಲಿಲ್ಲ. ಮೂರನೆಯದಕ್ಕೆ ಅವಳು ಅಳುವುದು ಕೇಳಿತು. ನಾನು ಎದ್ದು ಹೋದೆ. ಮಾಸ್ತರರು ಕುಳಿತಲ್ಲಿಂದಲೇ ಅಂಗೈ ಅಡ್ಡ ಹಿಡಿದು ನನ್ನನ್ನು ತಿರುಗಿ ಕಳಿಸಿದರು. ಐದನೆಯ ವಾರ ಬಸ್ಸಿನಲ್ಲಿ ಅವಳು ಬಲಗೈಯಿಂದ ಕಿಟಕಿಯ ಸರಳು ಹಿಡಿದಿದ್ದಳು. ಹಿಡಿದದ್ದು ಅವಳಿಗೇ ತಿಳಿದಂತಿರಲಿಲ್ಲ. ಆರನೆಯ ವಾರ ಮಾಸ್ತರರ ಹೆಂಡತಿ ಕೊಟ್ಟ ಚಹಾದ ಬಟ್ಟಲನ್ನು ಅದೇ ಕೈಯಿಂದ ತುಟಿಯವರೆಗೆ ಒಯ್ದಳು. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು.

ಅಲ್ಲಿಗೆ ನಾನು ಸುಮ್ಮನಿದ್ದರೆ ಸಾಕಿತ್ತು. ಮಾಸ್ತರರು ಸೌಜನ್ಯಕ್ಕೆ ಬಸ್ ನಿಲ್ದಾಣದವರೆಗೆ ನಮ್ಮೊಂದಿಗೆ ನಡೆದು ಬಂದರು. ತಂಗಿ ಹೆಂಗಸರ ಬೆಂಚಿಗೆ ಹೋದಳು. ನಾನು ಕೇಳಿದೆ:

“ಏನಂತಾಳ್ರಿ ನಮ್ಮ ಹುಡುಗಿ?”

“ಅದನ್ನ ಹೇಳಬಾರದ್ರೀ. ಆಕಿಗಿ ಮಾತ ಕೊಟ್ಟೇನಿ.”

“ಹೊರಗಿನವರಿಗಿ ಹೇಳಬ್ಯಾಡ್ರಿ. ನಾ ತಂದಿ ಜಾಗಾದಾಗ ಇದ್ದೇನಿ. ನನಗೂ ಹೇಳಂಗಿಲ್ಲಂದ್ರ ಹೆಂಗ್ರಿ?”

ಅವರು ಒಳ್ಳೆಯ ಮನುಷ್ಯರು, ನಮ್ಮ ಸೀಮೆಯವರೇ. ಹೆಣ್ಣುಮಗಳನ್ನು ಕರೆತಂದ ಮನೆಯ ಹಿರಿಯನಿಗೆ ಇಲ್ಲವೆಂದರೆ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿದಂತೆ ಎಂದು ಅವರಿಗೂ ಗೊತ್ತಿತ್ತು. ಪುಸ್ತಕ ಕಲಿಸಿದ್ದು ಒಂದು, ರೂಢಿ ಕಲಿಸಿದ್ದು ಇನ್ನೊಂದು, ರೂಢಿ ಗೆದ್ದಿತು. ದನಿ ತಗ್ಗಿಸಿ ಹೇಳಿದರು: ಕೂಸಿನ ಜ್ವರ ಏರಿದಾಗ ಅವಳು ಸೆರಗು ಕೂಡಿಸುತ್ತಿದ್ದಳು. “ಮುಗಿಸಿ ಏಳು” ಎಂದು ಅತ್ತೆ ಹೇಳಿದಳು. ಕೂಸು ಅಳುತ್ತಲೇ ಇತ್ತು, ಇವಳ ಕೈ ನಿಲ್ಲಲಿಲ್ಲ. ಕೊನೆಯ ಎಳೆ ಕೂಡಿಸಿ ಎದ್ದಾಗ ಅಳು ನಿಂತಿತ್ತು.

ನಾನು ಅರ್ಜಿ ಬರೆಯುವವನು. ಅನ್ಯಾಯ ಕಂಡರೆ ಬರೆಯದೆ ಬಿಡಲಾರೆ. ಬುಧವಾರ ತಂಗಿಯನ್ನು ಇಳಕಲ್ಲಿಗೆ ಕರೆದೊಯ್ದೆ. ಕೈ ಬಂದಿದೆ, ಮನೆ ಸೇರಿಸಲು ಹೊರಟಿದ್ದೇವೆ ಎಂದಷ್ಟೇ ಅವಳು ತಿಳಿದಿದ್ದಳು. ಮಾಸ್ತರರು ಹೇಳಿದ್ದನ್ನೆಲ್ಲ ಬರೆದೊಯ್ದಿದ್ದೆ; ಓಣಿಯ ಹಿರಿಯರನ್ನು ಕಟ್ಟೆಗೆ ಕೂಡಿಸಿ, ಅದನ್ನು ನಿಂತು ಓದಿದೆ. ಇನ್ನು ಮುಂದೆ ಅವಳನ್ನು ಮನುಷ್ಯಳಂತೆ ನಡೆಸಿಕೊಳ್ಳುತ್ತೇವೆಂದು ಬೀಗರಿಂದ ಮಾತು ತೆಗೆದುಕೊಳ್ಳುವುದು ನನ್ನ ಉದ್ದೇಶವಾಗಿತ್ತು.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ನನ್ನ ಮಮ್ಮಗನ್ನ ನಾ ಕೊಂದೆನೇನೋ? ಉಣ್ಣಾಕ ಎದ್ದ ಕೈ ನೇಯಾಕ ಯಾಕ ಏಳಂಗಿಲ್ಲಂತ ನಿನ್ನ ತಂಗೀನ್ನ ಕೇಳು!”

ಹಿರಿಯನೊಬ್ಬ ತಂಗಿಯ ಕಡೆ ತಿರುಗಿದ. “ಹೇಳವ್ವಾ. ನೀ ಹಿಂಗ ಅಂದಿಯೇನು?”

ಅವಳು ಅತ್ತೆಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು.

“ನಾ ಏನೂ ಅಂದಿಲ್ರಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಆ ಕೈ ಮತ್ತೆ ಜೋತು ಅವಳ ಮಡಿಲಲ್ಲಿ ಬಿದ್ದಿತ್ತು. ಮರುವಾರ ಬಾಗಲಕೋಟೆಗೆ ಬರಲು ಒಪ್ಪಲಿಲ್ಲ. ಯುಗಾದಿ ಮುಗಿದ ಮೇಲೆ ಅವಳ ಗಂಡನಿಗೆ ಬೇರೆ ಹೆಣ್ಣು ತಂದರು.

ನಾನೊಬ್ಬನೇ ವಿದ್ಯಾಗಿರಿಗೆ ಹೋಗಿ ಮಾಸ್ತರರೊಡನೆ ಜಗಳ ತೆಗೆದೆ.

“ತಪ್ಪು ನಂದ್ರಿ. ನೀವು ಕೇಳಿದ್ರಿ, ನಾ ಹೇಳಿದೆ. ಅರ್ಧ ಅಷ್ಟ ಹೇಳೇನಿ.”

“ಉಳಿದರ್ಧ ಏನೈತಿ?”

“ಅದು ನಿಮ್ಮ ಬಗ್ಗೆ ಐತ್ರಿ. ಅದನ್ನ ಹೇಳಂಗಿಲ್ಲ.”

ಅವರು ಬಾಯಿ ಬಿಗಿಹಿಡಿದದ್ದು ಅಂದು. ಅಷ್ಟರಲ್ಲಿ ಅದರಿಂದ ಉಪಯೋಗವೇನೂ ಉಳಿದಿರಲಿಲ್ಲ.

ಆ ಅರ್ಧವನ್ನು ಊಹಿಸಲಾರದಷ್ಟು ದಡ್ಡ ನಾನಲ್ಲ. ಕೂಸು ಹೊಟ್ಟೆಯಲ್ಲಿದ್ದಾಗ ಅವಳು ತವರಿಗೆ ಬಂದಿದ್ದಳು. “ಅಣ್ಣಾ, ಆ ಮನಿಗಿ ನಾ ಹೋಗೂದಿಲ್ಲ” ಎಂದಿದ್ದಳು. ಹೆಣ್ಣಿನ ಸಹನೆಯ ಬಗ್ಗೆ ಓದಿಕೊಂಡದ್ದನ್ನೆಲ್ಲ ಅವಳಿಗೆ ಹೇಳಿ, ನಾನೇ ಬಸ್ಸು ಹತ್ತಿಸಿದ್ದೆ. ಆದರೆ ಊಹೆ ಸಾಕ್ಷಿಯಲ್ಲ. ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಅವಳು ಮೊರದಲ್ಲಿ ಎಡಗೈಯಿಂದ ಜೋಳ ಆರಿಸುತ್ತ ಕುಳಿತಿದ್ದಾಗ, ನನ್ನ ಬಗ್ಗೆ ಮಾಸ್ತರರಿಗೆ ಏನು ಹೇಳಿದ್ದಿ ಎಂದು ಕೇಳಿದೆ. ಅವಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ಯಾಕ, ಅದನ್ನೂ ನಾಕ ಮಂದ್ಯಾಗ ಓದಬೇಕಾಗೇತೇನು?”

ಮತ್ತೆ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಎಡಗೈಯಿಂದ ರೊಟ್ಟಿ ತಟ್ಟಿ, ಎಡಗೈಯಿಂದಲೇ ಬಡಿಸುತ್ತಾಳೆ. ಅದಕ್ಕಾಗಿ ಬಂಧುಗಳು ನಮ್ಮ ಮನೆಯಲ್ಲಿ ಊಟಕ್ಕೆ ಕೂಡುವುದಿಲ್ಲ. ನಾನು ಉಣ್ಣುತ್ತೇನೆ.